ಐದನೇ ಬೌಲರ್ ಯಾರು?

ಭಾನುವಾರ ಬೆಳಿಗ್ಗೆ ಜಯನಗರ ಐದನೇ ಬ್ಲಾಕಿನ ಶಾಲಿನಿ ಗ್ರೌಂಡ್ ಕಡೆ ಹೋದರೆ ಒಂದೇ ಮೈದಾನದಲ್ಲಿ ಮೂರ್ನಾಲ್ಕು ಮ್ಯಾಚು ನಡೀತಿರುತ್ತೆ. ಒಂದು ಟೀಮಿನ ಲಾಂಗ್ ಆನ್ ಫೀಲ್ಡರು ಇನ್ನೊಂದು ಟೀಮಿನ ಸ್ಲಿಪ್ ಪಕ್ಕದಲ್ಲಿ ನಿಂತಿರ್ತಾನೆ. ಯಾರ ಬಾಲು ಯಾರ ಕೈಗೆ ಬಂತು ಅಂತ ದೇವರಿಗೇ ಗೊತ್ತು. ಮೊನ್ನೆ ವಾಕಿಂಗ್ ಮುಗಿಸಿ ಅಲ್ಲೇ ಕಟ್ಟೆ ಮೇಲೆ ಕೂತಿದ್ದೆ. ಹತ್ತು ಓವರಿನ ಟೆನಿಸ್ ಬಾಲ್ ಮ್ಯಾಚು, ಒಬ್ಬರಿಗೆ ಎರಡೇ ಓವರು. ನಾಲ್ಕು ಜನ ಬೌಲರುಗಳ ಕೋಟಾ ಮುಗಿಯುತ್ತಾ ಬಂದು ಕ್ಯಾಪ್ಟನ್ ಹುಡುಗ ಸೊಂಟದ ಮೇಲೆ ಕೈಯಿಟ್ಟು ಸುತ್ತಲೂ ನೋಡ್ತಿದ್ದ. "ಐದನೇ ಬೌಲರ್ ಯಾರೋ?"

ಬೌಂಡರಿ ಹತ್ತಿರ ನಿಂತಿದ್ದ ಒಬ್ಬ ಕೈ ಎತ್ತಿದ. ಕಟ್ಟೆ ಮೇಲಿದ್ದವರಲ್ಲಿ ಯಾರೋ ಕೂಗಿದರು: "ಅವನು ಆಲ್‌ರೌಂಡರ್ ಕಣೋ. ಬ್ಯಾಟಿಂಗೂ ಬರಲ್ಲ, ಬೌಲಿಂಗೂ ಬರಲ್ಲ, ಆದ್ರೆ ಬಾಲ್ ಮಾತ್ರ ಅವನದು!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಸ್ವಲ್ಪ ಚುರ್ ಅಂತು. ಯಾಕಂದ್ರೆ ಹುಡುಗನಾಗಿದ್ದಾಗ ನಾನೂ ಅದೇ ಜಾತಿಯವನು. ಏಳನೇ ನಂಬರಿನಲ್ಲಿ ಬ್ಯಾಟಿಂಗು, ಬೇರೆ ಯಾರೂ ಇಲ್ಲ ಅಂದಾಗ ಬೌಲಿಂಗು. ಇದೇ ಜೋಕನ್ನ ನನ್ನ ಮೇಲೂ ಎಷ್ಟು ಸಲ ಹೊಡೆದಿದ್ದರೋ ಲೆಕ್ಕವಿಲ್ಲ. (ಬಾಲ್ ಮಾತ್ರ ನನ್ನದಾಗಿರಲಿಲ್ಲ :-) ) ಮನೆಗೆ ಬರ್ತಾ ದಾರಿಯಲ್ಲಿ ಅದೇ ಯೋಚನೆ. ಕನ್ನಡ ಪತ್ರಿಕೆಗಳಲ್ಲಿ ಆಲ್‌ರೌಂಡರ್‌ಗೆ 'ಸವ್ಯಸಾಚಿ' ಅಂತ ಬರೆಯೋದುಂಟು. ಎರಡೂ ಕೈಯಲ್ಲಿ ಬಾಣ ಬಿಡಬಲ್ಲ ಅರ್ಜುನ! ಪೇಪರಿನಲ್ಲಿ ಅರ್ಜುನ, ಮೈದಾನದಲ್ಲಿ ಊಟಕ್ಕಿಲ್ಲದ ಉಪ್ಪಿನಕಾಯಿ. ಇವೆರಡರಲ್ಲಿ ನಿಜ ಯಾವುದು?

ಮೊದಲು ಸ್ವಲ್ಪ ಲೆಕ್ಕ ನೋಡೋಣ. ಟೆಸ್ಟ್ ಪಂದ್ಯದಲ್ಲಿ ಒಬ್ಬ ಬೌಲರ್ ಎಷ್ಟು ಓವರ್ ಬೇಕಾದರೂ ಹಾಕಬಹುದು. ನಾಲ್ಕು ಒಳ್ಳೆ ಬೌಲರುಗಳಿದ್ದರೆ ಸಾಕು, ಇಡೀ ದಿನ ಸರದಿಯ ಮೇಲೆ ಹಾಕಿಸಬಹುದು. ಏಕದಿನದಲ್ಲಿ ಹಾಗಾಗಲ್ಲ. ಐವತ್ತು ಓವರಿನಲ್ಲಿ ಒಬ್ಬರಿಗೆ ಹತ್ತೇ. ಮೊದಲು ಅರವತ್ತು ಓವರ್ ಇದ್ದಾಗ ಒಬ್ಬರಿಗೆ ಹನ್ನೆರಡು. ಹೇಗೆ ಭಾಗಿಸಿದರೂ ಉತ್ತರ ಐದು. ಐದು ಜನ ಬೌಲರ್, ಒಬ್ಬ ಕೀಪರ್, ಉಳಿದದ್ದು ಐದೇ ಜಾಗ. ಬರೀ ಐದು ಬ್ಯಾಟ್ಸ್‌ಮನ್ ನಂಬಿಕೊಂಡು ಆಡೋಕೆ ಯಾವ ಕ್ಯಾಪ್ಟನ್‌ಗೂ ಧೈರ್ಯ ಬರಲ್ಲ. ಹಾಗಂತ ಆರು ಬ್ಯಾಟ್ಸ್‌ಮನ್ ತಗೊಂಡರೆ ಹತ್ತು ಓವರು ಅನಾಥ. ಆ ಅನಾಥ ಹತ್ತು ಓವರಿಗೆ ಒಬ್ಬ ದಿಕ್ಕು ಬೇಕಲ್ಲ, ಅವನೇ ಏಕದಿನದ ಆಲ್‌ರೌಂಡರ್. ಸೋಬರ್ಸ್ ತರಹ ಎರಡರಲ್ಲೂ ಜಗತ್ತಿಗೇ ದೊಡ್ಡವನಾಗಿರಬೇಕಿಲ್ಲ. ತಂಡದ ಲೆಕ್ಕ ತಾಳೆ ಹಾಕಿ ಕೊಡಬೇಕು, ಅಷ್ಟೇ.

ಈ ಲೆಕ್ಕ ಭಾರತಕ್ಕೆ ಅರ್ಥವಾಗೋಕೆ ಸುಮಾರು ವರ್ಷ ಬೇಕಾಯ್ತು. ಭಾರತ ಮೊದಲ ಏಕದಿನ ಪಂದ್ಯ ಆಡಿದ್ದು 1974ರ ಜುಲೈನಲ್ಲಿ, ಇಂಗ್ಲೆಂಡಿನ ಹೆಡಿಂಗ್ಲಿಯಲ್ಲಿ. ಅವತ್ತು ನಮ್ಮವರ ಪರ ಅತಿ ಹೆಚ್ಚು ರನ್ ಹೊಡೆದದ್ದು ನಮ್ಮ ಬ್ರಿಜೇಶ್ ಪಟೇಲ್, 82. ಮರುವರ್ಷ ಮೊದಲ ವಿಶ್ವಕಪ್. ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್ 334 ಹೊಡೆದರೆ ಭಾರತ ಅರವತ್ತು ಓವರ್ ಪೂರ್ತಿ ಆಡಿ ಮೂರು ವಿಕೆಟ್‌ಗೆ 132! ಗಾವಸ್ಕರ್ 174 ಚೆಂಡು ಆಡಿ ಔಟಾಗದೆ 36. ಆ ಕಥೆ ನಿಮಗೆಲ್ಲ ಗೊತ್ತಿರೋದೇ.

ಬೆಂಗಳೂರಿನವರಿಗೆ ಇದಕ್ಕಿಂತ ಹೆಚ್ಚು ಕಾಡಬೇಕಾದ ಲೆಕ್ಕ ಇನ್ನೊಂದಿದೆ. ಟೆಸ್ಟ್ ಕ್ರಿಕೆಟ್ಟಿನಲ್ಲಿ ಜಗತ್ತನ್ನೇ ಕುಣಿಸಿದ ನಮ್ಮ ಪ್ರಸನ್ನ ಆಡಿದ ಏಕದಿನ ಪಂದ್ಯಗಳ ಸಂಖ್ಯೆ ಸೊನ್ನೆ. ಚಂದ್ರಶೇಖರ್ ಆಡಿದ್ದು ಒಂದೇ ಒಂದು. ಇವರಿಬ್ಬರ ಬೌಲಿಂಗ್ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಆದರೆ ಒಂದು ದಿನದ ಆಟ ತಂಡದಲ್ಲಿರುವ ಪ್ರತಿಯೊಬ್ಬನನ್ನೂ "ನಿನಗೆ ಇನ್ನೇನು ಬರುತ್ತೆ?" ಅಂತ ಕೇಳೋ ಆಟ. ಬರೀ ಒಂದೇ ವಿದ್ಯೆಯ ಪಂಡಿತರಿಗೆ ಅಲ್ಲಿ ಜಾಗ ಕಡಿಮೆ.

ಆ ಪ್ರಶ್ನೆಗೆ ಕರ್ನಾಟಕ ಕೊಟ್ಟ ಮೊದಲ ದೊಡ್ಡ ಉತ್ತರ ರೋಜರ್ ಬಿನ್ನಿ.

ಬಿನ್ನಿ ಅಂದರೆ ನಮಗೆಲ್ಲ ಸ್ವಿಂಗ್ ಬೌಲರ್ ಅಂತಲೇ ನೆನಪು. ಆದರೆ ಕರ್ನಾಟಕಕ್ಕೆ ಅವರು ಓಪನಿಂಗ್ ಬ್ಯಾಟ್ಸ್‌ಮನ್ ಕೂಡ. 1977-78ರಲ್ಲಿ ಚಿಕ್ಕಮಗಳೂರಿನಲ್ಲಿ ಕೇರಳದ ವಿರುದ್ಧ ರಣಜಿ ಪಂದ್ಯ. ಸಂಜಯ್ ದೇಸಾಯಿ ಮತ್ತು ಬಿನ್ನಿ ಓಪನಿಂಗ್ ಬಂದು ಔಟೇ ಆಗಲಿಲ್ಲ. ಮುರಿಯದ ಮೊದಲ ವಿಕೆಟ್ ಜೊತೆಯಾಟ 451! ದೇಸಾಯಿ 218, ಬಿನ್ನಿ 211. ಹೀಗೆ ಡಬಲ್ ಸೆಂಚುರಿ ಹೊಡೆದ ಮನುಷ್ಯ ಭಾರತ ತಂಡದಲ್ಲಿ ಏಳನೇ ನಂಬರಿಗೋ ಎಂಟನೇ ನಂಬರಿಗೋ ಇಳಿದು ಇಪ್ಪತ್ತು ರನ್ ಹೊಡೆದು, ಹತ್ತು ಓವರ್ ಹಾಕಿ ಬರೋ ಕೆಲಸ ಒಪ್ಪಿಕೊಂಡದ್ದು ಸಣ್ಣ ಮಾತಲ್ಲ ಅಂತ ನನಗನ್ಸುತ್ತೆ.

1983ರ ವಿಶ್ವಕಪ್ ನೋಡಿ. ಜೂನ್ 9ರಂದು ಮ್ಯಾಂಚೆಸ್ಟರ್‌ನಲ್ಲಿ ಮೊದಲ ಪಂದ್ಯ, ಎದುರಿಗೆ ಎರಡು ಸಲ ಚಾಂಪಿಯನ್ ಆಗಿದ್ದ ವೆಸ್ಟ್ ಇಂಡೀಸ್. ಎಲ್ಲರಿಗೂ ನೆನಪಿರೋದು ಯಶಪಾಲ್ ಶರ್ಮಾ ಹೊಡೆದ 89. ಅವರ ಜೊತೆ ನಿಂತು 27 ಹೊಡೆದು, ಆಮೇಲೆ ಮೂರು ವಿಕೆಟ್ ತೆಗೆದದ್ದು ಬಿನ್ನಿ. ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ವಿರುದ್ಧ ಕಪಿಲ್ ದೇವ್ 175. ಆ ಆಟದ ವಿಡಿಯೋ ಎಲ್ಲೂ ಇಲ್ಲ, ಆದರೂ ಇಡೀ ದೇಶ ಕಣ್ಣಾರೆ ಕಂಡ ಹಾಗೆ ಹೇಳುತ್ತೆ. 17 ರನ್ನಿಗೆ ಐದು ವಿಕೆಟ್ ಬಿದ್ದಾಗ ಕಪಿಲ್ ಜೊತೆ ನಿಂತವರು ಯಾರು? ಬಿನ್ನಿ. ಇಬ್ಬರೂ ಸೇರಿ 60 ರನ್ ಸೇರಿಸಿದರು, ಅದರಲ್ಲಿ ಬಿನ್ನಿಯದು 22. ಆಮೇಲೆ ಮದನ್ ಲಾಲ್, ಕೊನೆಗೆ ನಮ್ಮ ಸೈಯದ್ ಕಿರ್ಮಾನಿ ಔಟಾಗದೆ 24. ಕಿರ್ಮಾನಿ ಮತ್ತು ಕಪಿಲ್ ಒಂಬತ್ತನೇ ವಿಕೆಟ್‌ಗೆ ಸೇರಿಸಿದ್ದು 126. ಬೆಂಗಳೂರಿನ ಇಬ್ಬರು ಅವತ್ತು ಹೊಡೆದದ್ದು ಒಟ್ಟು 46 ರನ್. ಆ 46 ಇಲ್ಲದಿದ್ದರೆ 175 ಎಲ್ಲಿಂದ ಬರಬೇಕಿತ್ತು?

ಎರಡು ದಿನ ಬಿಟ್ಟು ಜೂನ್ 20, ಚೆಲ್ಮ್ಸ್‌ಫರ್ಡ್. ಆಸ್ಟ್ರೇಲಿಯಾ ವಿರುದ್ಧ ಗೆದ್ದರೆ ಸೆಮಿಫೈನಲ್, ಸೋತರೆ ಪರದಾಟ. ಭಾರತದ ಸ್ಕೋರು 247, ಒಬ್ಬರದೂ ಅರ್ಧ ಶತಕವಿಲ್ಲ. ಹೆಚ್ಚೆಂದರೆ ಯಶಪಾಲ್ ಅವರ 40. ಇತರೆ ರನ್‌ಗಳೇ 37! ಬಿನ್ನಿ 21 ಹೊಡೆದರು. ಆಮೇಲೆ ಬೌಲಿಂಗಿನಲ್ಲಿ 29 ರನ್ನಿಗೆ 4 ವಿಕೆಟ್, ಮದನ್ ಲಾಲ್ 20ಕ್ಕೆ 4. ಆಸ್ಟ್ರೇಲಿಯಾ 129ಕ್ಕೆ ಮನೆಗೆ. ಪಂದ್ಯ ಶ್ರೇಷ್ಠ ರೋಜರ್ ಬಿನ್ನಿ. ಸೆಮಿಫೈನಲ್‌ನಲ್ಲಿ ಇಂಗ್ಲೆಂಡಿನ ಇಬ್ಬರು ಓಪನರುಗಳೂ ಬಿನ್ನಿಗೇ ಬಲಿ. ಫೈನಲ್‌ನಲ್ಲಿ ಕ್ಲೈವ್ ಲಾಯ್ಡ್ ಹೊಡೆದ ಚೆಂಡು ಕಪಿಲ್ ಕೈಗೆ, ಬೌಲರ್ ಬಿನ್ನಿ. ಇಡೀ ಟೂರ್ನಿಯಲ್ಲಿ 18 ವಿಕೆಟ್, ಎಲ್ಲ ತಂಡದವರಿಗಿಂತ ಹೆಚ್ಚು.

ಫೈನಲ್ ಆಡಿದ ಹನ್ನೊಂದು ಜನರ ಪಟ್ಟಿ ಒಮ್ಮೆ ತೆಗೆದು ನೋಡಿ. ಕಪಿಲ್, ಅಮರನಾಥ್, ಬಿನ್ನಿ, ಮದನ್ ಲಾಲ್, ಕೀರ್ತಿ ಆಜಾದ್, ಸಂಧು, ಹೀಗೆ ಬೌಲಿಂಗ್ ಮಾಡಿದ್ದು ಆರು ಜನ. ಅದರಲ್ಲಿ ಬರೀ ಬೌಲರ್ ಅನ್ನಬಹುದಾದವರು ಸಂಧು ಒಬ್ಬರೇ. ನಮ್ಮಲ್ಲಿ ಲಾಯ್ಡ್, ರಿಚರ್ಡ್ಸ್ ಇರಲಿಲ್ಲ. ಹೋಲ್ಡಿಂಗ್, ಮಾರ್ಷಲ್ ಅಂತೂ ಇರಲೇ ಇಲ್ಲ. ಒಂದೊಂದರಲ್ಲೇ ತೂಗಿದರೆ ವೆಸ್ಟ್ ಇಂಡೀಸ್ ತಕ್ಕಡಿಯೇ ಭಾರ. ಆದರೆ ಎರಡೆರಡು ಕೆಲಸ ಮಾಡುವವರು ನಮ್ಮಲ್ಲಿ ಹೆಚ್ಚಿದ್ದರು. ಮದುವೆ ಮನೆಯಲ್ಲಿ ಒಬ್ಬನೇ ಹುಳಿ ಬಡಿಸಿ, ಅದು ಮುಗಿದ ತಕ್ಷಣ ನೀರಿನ ಜಗ್ ಹಿಡಿದು, ಕೊನೆಗೆ ಎಲೆನೂ ತೆಗೀತಾನಲ್ಲ, ಅಂಥವರ ತಂಡ ಅದು. ಫೋಟೋದಲ್ಲಿ ಅವನು ಇರಲ್ಲ. ಊಟ ಸಾಂಗವಾಗಿ ಆಗಿದ್ದು ಅವನಿಂದ.

ಮುಂದೆ 1985ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ವರ್ಲ್ಡ್ ಚಾಂಪಿಯನ್‌ಶಿಪ್ ಗೆದ್ದ ತಂಡದಲ್ಲೂ ಬಿನ್ನಿ ಇದ್ದರು. 2022ರಿಂದ 2025ರವರೆಗೆ ಬಿಸಿಸಿಐ ಅಧ್ಯಕ್ಷರೂ ಆಗಿದ್ದರು. ಆದರೂ 83 ಅಂದರೆ ನಮ್ಮ ನಾಲಿಗೆಗೆ ಮೊದಲು ಬರೋ ಹೆಸರು ಅವರದಲ್ಲ.

ಹೆಂಗಸರ ಕ್ರಿಕೆಟ್ಟಿನಲ್ಲಿ ಬೆಂಗಳೂರು ಈ ಪಾಠವನ್ನ ಇನ್ನೂ ಮೊದಲೇ ಕಲಿತಿತ್ತು. ಶಾಂತಾ ರಂಗಸ್ವಾಮಿ ಬ್ಯಾಟು ಬೀಸುತ್ತಿದ್ದರು, ಮೀಡಿಯಂ ಪೇಸ್ ಹಾಕುತ್ತಿದ್ದರು, ಜೊತೆಗೆ ಕ್ಯಾಪ್ಟನ್ನೂ ಅವರೇ. 1976ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಮೊದಲ ಮಹಿಳಾ ಕ್ರಿಕೆಟರ್ ಅವರು. ಸವ್ಯಸಾಚಿಗೆ ಅರ್ಜುನನ ಹೆಸರಿನದೇ ಪ್ರಶಸ್ತಿ, ಎಷ್ಟು ಸರಿಯಾಗಿದೆ ನೋಡಿ!

ಇನ್ನು ಬೆಂಗಳೂರಿಗರು ಮರೆಯಲಾಗದ ಆ ರಾತ್ರಿಗೆ ಬರೋಣ. 1996ರ ಅಕ್ಟೋಬರ್ 21, ಚಿನ್ನಸ್ವಾಮಿ ಕ್ರೀಡಾಂಗಣ, ಟೈಟನ್ ಕಪ್. ಆಸ್ಟ್ರೇಲಿಯಾ 215. ಸಚಿನ್ 88 ಹೊಡೆದು ಔಟಾದಾಗ ಭಾರತ 164ಕ್ಕೆ ಎಂಟು. ಉಳಿದವರು ಶ್ರೀನಾಥ್, ಕುಂಬ್ಳೆ, ಪ್ರಸಾದ್. ಮೂವರೂ ಕರ್ನಾಟಕದವರು, ಮೂವರೂ ಬೌಲರುಗಳು. ಟಿವಿ ಆಫ್ ಮಾಡಿ ಮಲಗಿದವರು ಎಷ್ಟೋ ಜನ. ಶ್ರೀನಾಥ್ ಮತ್ತು ಕುಂಬ್ಳೆ ಔಟಾಗದೆ 52 ರನ್ ಸೇರಿಸಿ ಗೆಲ್ಲಿಸಿಬಿಟ್ಟರು. ಶ್ರೀನಾಥ್ 30, ಕುಂಬ್ಳೆ 16. ಬಸವನಗುಡಿ ನ್ಯಾಷನಲ್ ಕಾಲೇಜಿನ ಹುಡುಗ ಮತ್ತು ಮೈಸೂರಿನ ಹುಡುಗ. ಇವರಿಬ್ಬರನ್ನ ಯಾರೂ ಆಲ್‌ರೌಂಡರ್ ಅನ್ನಲ್ಲ, ಅನ್ನಬೇಕಾಗೂ ಇಲ್ಲ. ಆದರೆ ಅವತ್ತು "ನಿನಗೆ ಇನ್ನೇನು ಬರುತ್ತೆ?" ಅನ್ನೋ ಪ್ರಶ್ನೆಗೆ ಇಬ್ಬರ ಹತ್ತಿರವೂ ಉತ್ತರ ಇತ್ತು.

ಈಗ ನನಗೆ ತುಂಬ ಸಂಕಟ ಕೊಡೋ ಕಥೆ. 1999ರಲ್ಲಿ ನೈರೋಬಿಯಲ್ಲಿ ಎಲ್‌ಜಿ ಕಪ್ ನಡೀತು. ಅಲ್ಲಿ ಗದಗದ ಸುನೀಲ್ ಜೋಶಿ ದಕ್ಷಿಣ ಆಫ್ರಿಕಾ ವಿರುದ್ಧ ಹತ್ತು ಓವರ್, ಆರು ಮೇಡನ್, ಆರು ರನ್, ಐದು ವಿಕೆಟ್! ತಪ್ಪು ಓದಲಿಲ್ಲ ನೀವು, ಐದು ವಿಕೆಟ್‌ಗೆ ಆರೇ ರನ್. ಆದರೆ ಆ ಟೂರ್ನಿಯ ಸರಣಿ ಶ್ರೇಷ್ಠ ಜೋಶಿ ಅಲ್ಲ, ಕನ್ನಡಕ ಹಾಕಿಕೊಂಡು ಆಡುತ್ತಿದ್ದ ಬೆಂಗಳೂರಿನ ಹುಡುಗ ವಿಜಯ್ ಭಾರದ್ವಾಜ್. ಅದು ಅವರ ಮೊದಲ ಅಂತರರಾಷ್ಟ್ರೀಯ ಟೂರ್ನಿ. ಆಫ್ ಸ್ಪಿನ್ ಹಾಕಿ ಹತ್ತು ವಿಕೆಟ್, ಮಧ್ಯದಲ್ಲಿ ಉಪಯೋಗಕ್ಕೆ ಬರೋ ರನ್ನು. ಅದಕ್ಕೂ ಮುಂಚಿನ ರಣಜಿ ಋತುವಿನಲ್ಲಿ ಸಾವಿರಕ್ಕೂ ಹೆಚ್ಚು ರನ್ ಹೊಡೆದು ಕರ್ನಾಟಕಕ್ಕೆ ಟ್ರೋಫಿ ತಂದುಕೊಟ್ಟವರಲ್ಲಿ ಅವರೂ ಒಬ್ಬರು. ಭಾರತ ಹುಡುಕುತ್ತಿದ್ದ ಐದನೇ ಬೌಲರ್ ಸಿಕ್ಕಿಬಿಟ್ಟ ಅಂತ ನಾವೆಲ್ಲ ಕುಣಿದಾಡಿದ್ದೇ ಕುಣಿದಾಡಿದ್ದು.

ಆಮೇಲೆ? ಒಟ್ಟು ಆಡಿದ್ದು ಮೂರು ಟೆಸ್ಟು, ಹತ್ತು ಏಕದಿನ. ಅಷ್ಟೇ. ಬರೀ ಬ್ಯಾಟ್ಸ್‌ಮನ್ ಆಗಿದ್ದರೆ ಮೂರು ಸಲ ಸೋತರೂ ನಾಲ್ಕನೇ ಸಲ ಸೆಂಚುರಿ ಹೊಡೆದು ಉಳಿದುಕೊಳ್ಳಬಹುದು. ಐದನೇ ಬೌಲರಿಗೆ, ಏಳನೇ ಬ್ಯಾಟ್ಸ್‌ಮನ್‌ಗೆ ಸೆಂಚುರಿ ಹೊಡೆಯೋಕೆ ಸಮಯವೇ ಇರಲ್ಲ. ಒಂದು ದಿನ 18 ರನ್ನು, ಇನ್ನೊಂದು ದಿನ 40ಕ್ಕೆ 1. ಗೆದ್ದರೆ ಯಾರೂ ನೋಡಲ್ಲ, ಸೋತರೆ ಮೊದಲು ಕಣ್ಣಿಗೆ ಬೀಳೋದು ಅವನೇ. ಅದೇ ವಿಜಯ್ ಭಾರದ್ವಾಜ್ ಆಮೇಲೆ ಕನ್ನಡ ಕಾಮೆಂಟರಿಯಲ್ಲಿ ನಮಗೆಲ್ಲ ಪರಿಚಿತ ದನಿಯಾದರು. ಅವರ ಮಾತು ಕೇಳಿದವರಲ್ಲಿ ಎಷ್ಟು ಜನ ಹುಡುಗರಿಗೆ ನೈರೋಬಿ ಗೊತ್ತಿದೆಯೋ!

ಲೆಕ್ಕ ತಾಳೆ ಹಾಕೋಕೆ ಇನ್ನೊಂದು ದಾರಿಯನ್ನೂ ನಮ್ಮವರೇ ತೋರಿಸಿಕೊಟ್ಟರು. ಆಲ್‌ರೌಂಡರ್ ಸಿಗದಿದ್ದರೆ ಕೀಪರನ್ನೇ ಬ್ಯಾಟ್ಸ್‌ಮನ್ ಮಾಡಿಬಿಡೋದು. 2003ರ ವಿಶ್ವಕಪ್‌ನಲ್ಲಿ ದ್ರಾವಿಡ್ ಗ್ಲೌಸ್ ತೊಟ್ಟದ್ದು ಇದಕ್ಕೇ. ಟೆಸ್ಟಿನಲ್ಲಿ ಸ್ಲಿಪ್‌ನಲ್ಲಿ ನಿಲ್ಲೋ ಮನುಷ್ಯ ಐವತ್ತು ಓವರ್ ಬಗ್ಗಿ ಎದ್ದು, ಆಮೇಲೆ ಐದನೇ ನಂಬರಿಗೆ ಬ್ಯಾಟಿಂಗ್ ಬರ್ತಿದ್ದರು. ಅದರಿಂದ ತಂಡಕ್ಕೆ ಏಳನೇ ಬ್ಯಾಟ್ಸ್‌ಮನ್ ಸಿಕ್ಕ, ಫೈನಲ್‌ಗೂ ಹೋದೆವು. ಆದರೆ ಬೌಲರುಗಳು ನಾಲ್ಕೇ. ಜೋಹಾನ್ಸ್‌ಬರ್ಗ್‌ನ ಆ ಫೈನಲ್‌ನಲ್ಲಿ ಸೆಹ್ವಾಗ್, ಸಚಿನ್, ದಿನೇಶ್ ಮೊಂಗಿಯಾ, ಯುವರಾಜ್ ನಾಲ್ವರೂ ಸೇರಿ ಐದನೇ ಬೌಲರ್ ಆದರು. ನ್ಯಾಯವಾಗಿ ಹೇಳಬೇಕಂದ್ರೆ ಅವತ್ತು ಅವರಿಗಿಂತ ಹೆಚ್ಚು ಹೊಡೆಸಿಕೊಂಡದ್ದು ಮುಖ್ಯ ಬೌಲರುಗಳೇ. ಪಾಂಟಿಂಗ್ ಎದುರು ಯಾವ ಲೆಕ್ಕವೂ ನಡೀಲಿಲ್ಲ ಬಿಡಿ.

ಇಪ್ಪತ್ತು ವರ್ಷದ ನಂತರ ಅದೇ ಕೆಲಸ ಕೆ.ಎಲ್. ರಾಹುಲ್ ಹೆಗಲಿಗೆ ಬಂತು. 2023ರ ವಿಶ್ವಕಪ್‌ನಲ್ಲಿ ಕೀಪಿಂಗ್ ಮಾಡ್ತಾನೇ 452 ರನ್. ಅಕ್ಟೋಬರ್ 19ರಂದು ಪುಣೆಯಲ್ಲಿ ಹಾರ್ದಿಕ್ ಪಾಂಡ್ಯ ಕಾಲು ಉಳುಕಿಸಿಕೊಂಡು ಹೊರಬಿದ್ದರು. ಒಬ್ಬ ಹೋದರೆ ತುಂಬಬೇಕಾದ್ದು ಎರಡು ಜಾಗ! ಒಬ್ಬ ಬ್ಯಾಟ್ಸ್‌ಮನ್, ಒಬ್ಬ ಬೌಲರ್ ಇಬ್ಬರನ್ನೂ ಹಾಕಿಕೊಳ್ಳಬೇಕಾಯ್ತು. ಆರನೇ ಬೌಲರೇ ಇಲ್ಲ. ಚಿನ್ನಸ್ವಾಮಿಯಲ್ಲಿ ನೆದರ್ಲೆಂಡ್ಸ್ ವಿರುದ್ಧ ಕೊಹ್ಲಿ, ರೋಹಿತ್, ಗಿಲ್, ಸೂರ್ಯ ಎಲ್ಲರೂ ಬೌಲಿಂಗ್ ಮಾಡಿದ್ದು ನಮಗೆಲ್ಲ ತಮಾಷೆ ಅನ್ನಿಸಿತ್ತು. ಕೊಹ್ಲಿಗೂ ರೋಹಿತ್‌ಗೂ ಒಂದೊಂದು ವಿಕೆಟ್ ಬೇರೆ! ಒಂದೇ ವಾರದಲ್ಲಿ, ನವೆಂಬರ್ 19ರಂದು ಅಹಮದಾಬಾದಿನಲ್ಲಿ, ತಮಾಷೆ ಮುಗೀತು. ರಾಹುಲ್ 107 ಚೆಂಡು ಆಡಿ 66 ಹೊಡೆದದ್ದಕ್ಕೆ ಇವತ್ತಿಗೂ ಬೈಸಿಕೊಳ್ತಾರೆ. ಹಿಂದೆ ಬಾಲ ಉದ್ದವಾಗಿದ್ದಾಗ ಯಾರು ತಾನೇ ಬೀಸಿ ಹೊಡೆಯೋ ಧೈರ್ಯ ಮಾಡ್ತಾರೆ ಹೇಳಿ? ಹೆಡ್ ಮತ್ತು ಲಾಬುಶೇನ್ ನಿಂತುಬಿಟ್ಟಾಗ ಕೈ ಬದಲಾಯಿಸಿ ನೋಡೋಕೆ ಆರನೇ ಕೈಯೇ ಇರಲಿಲ್ಲ. ಐದೇ ಬೌಲರುಗಳಲ್ಲಿ ಪಂದ್ಯ ಮುಗೀತು. ಪಾಂಡ್ಯ ಇದ್ದಿದ್ದರೆ ಗೆಲ್ಲುತ್ತಿದ್ದೆವಾ? ಗೊತ್ತಿಲ್ಲ. ಆದರೆ ಇಲ್ಲದವನ ಬೆಲೆ ಗೊತ್ತಾಗಿದ್ದು ಅವತ್ತು.

ಕೊನೆಗೆ ಮಗ ಬಿನ್ನಿ. 2014ರ ಜೂನ್ 17, ಮೀರ್‌ಪುರ. ಭಾರತ ಬಾಂಗ್ಲಾದೇಶದ ವಿರುದ್ಧ 105ಕ್ಕೆ ಆಲೌಟ್. ಸ್ಟುವರ್ಟ್ ಬಿನ್ನಿ ಹಾಕಿದ್ದು 4.4 ಓವರ್, ಕೊಟ್ಟದ್ದು 4 ರನ್, ತೆಗೆದದ್ದು 6 ವಿಕೆಟ್. ಬಾಂಗ್ಲಾ 58ಕ್ಕೆ ಆಲೌಟ್. 1993ರ ಹೀರೋ ಕಪ್ ಫೈನಲ್‌ನಲ್ಲಿ ಕುಂಬ್ಳೆ 12 ರನ್ನಿಗೆ 6 ವಿಕೆಟ್ ತೆಗೆದ ದಾಖಲೆಯನ್ನ ಮುರಿದದ್ದು ಇದೇ. ಭಾರತದ ಪರ ಏಕದಿನದಲ್ಲಿ ಇದಕ್ಕಿಂತ ಒಳ್ಳೆ ಬೌಲಿಂಗ್ 2023ರವರೆಗೂ ಯಾರೂ ಮಾಡಿರಲಿಲ್ಲ. ಬೆಂಗಳೂರಿನವನ ದಾಖಲೆಯನ್ನ ಬೆಂಗಳೂರಿನವನೇ ಮುರಿದ! 2015ರ ವಿಶ್ವಕಪ್ ತಂಡಕ್ಕೂ ಆಯ್ಕೆಯಾದರು, ಒಂದೂ ಪಂದ್ಯ ಆಡಿಸಲಿಲ್ಲ. 2016ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಟಿ20. ಬಿನ್ನಿಯ ಒಂದೇ ಓವರಿನಲ್ಲಿ 32 ರನ್. ಅದೇ ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯ.

ಸ್ಟುವರ್ಟ್ ಬಿನ್ನಿ ಅಂತ ಹೇಳಿದರೆ ಜನ ನೆನೆಸಿಕೊಳ್ಳೋದು ಆ 32, ಇಲ್ಲಾ "ಅಪ್ಪನ ಹೆಸರಿನಿಂದ ಬಂದವನು" ಅನ್ನೋ ಕೊಂಕು. 4 ರನ್ನಿಗೆ 6 ವಿಕೆಟ್ ಅಪ್ಪ ಬಂದು ತೆಗೆದುಕೊಟ್ಟದ್ದಲ್ಲವಲ್ಲ!

ಈಗ ಆಟದ ನಿಯಮಗಳೇ ಈ ಜಾತಿಯವರಿಗೆ ಮುಳುವಾಗ್ತಿವೆ ಅನ್ನೋ ಭಯ ನನ್ನದು. 2005ರಲ್ಲಿ ಏಕದಿನಕ್ಕೆ 'ಸೂಪರ್ ಸಬ್' ಅಂತ ಒಂದು ಪ್ರಯೋಗ ತಂದು ಕೆಲವೇ ತಿಂಗಳಲ್ಲಿ ಕೈಬಿಟ್ಟರು. 2023ರಲ್ಲಿ ಐಪಿಎಲ್‌ಗೆ 'ಇಂಪ್ಯಾಕ್ಟ್ ಪ್ಲೇಯರ್' ಬಂತು. ಬ್ಯಾಟಿಂಗಿಗೆ ಒಬ್ಬ, ಬೌಲಿಂಗಿಗೆ ಇನ್ನೊಬ್ಬ! ಇಬ್ಬರು ಸೇರಿ ಒಬ್ಬರ ಕೆಲಸ ಮಾಡಬಹುದಾದರೆ ಎರಡೂ ಅರ್ಧರ್ಧ ಬರೋ ಹುಡುಗನಿಗೆ ಯಾರು ಬಾಲ್ ಕೊಡ್ತಾರೆ? ಅಲ್ಲಿ ಬೌಲಿಂಗ್ ಮಾಡದವನು ಭಾರತಕ್ಕೆ ಆಡೋವಾಗ ದಿಢೀರ್ ಅಂತ ಐದನೇ ಬೌಲರ್ ಆಗೋಕಾಗುತ್ತಾ?

ಸಮಾಧಾನ ಕೊಟ್ಟವರು ನಮ್ಮ ಹೆಣ್ಣುಮಕ್ಕಳು. 2025ರ ನವೆಂಬರ್ 2, ನವಿ ಮುಂಬೈ, ವಿಶ್ವಕಪ್ ಫೈನಲ್. ದೀಪ್ತಿ ಶರ್ಮಾ 58 ರನ್ ಹೊಡೆದು 39ಕ್ಕೆ 5 ವಿಕೆಟ್ ತೆಗೆದರು. ಅದಕ್ಕೂ ಮಜಾ ಅಂದರೆ ಓಪನರ್ ಶಫಾಲಿ ವರ್ಮಾ. 87 ಹೊಡೆದವರ ಕೈಗೆ ಕ್ಯಾಪ್ಟನ್ ಹರ್ಮನ್‌ಪ್ರೀತ್ ಸುಮ್ಮನೆ ನೋಡೋಣ ಅಂತ ಬಾಲ್ ಕೊಟ್ಟರೆ ಎರಡು ವಿಕೆಟ್! ದಕ್ಷಿಣ ಆಫ್ರಿಕಾ ಅಲ್ಲಿಂದ ಚೇತರಿಸಿಕೊಳ್ಳಲಿಲ್ಲ. ಅಹಮದಾಬಾದಿನಲ್ಲಿ ಇಲ್ಲದಿದ್ದ ಆ ಇನ್ನೊಂದು ಕೈ ನವಿ ಮುಂಬೈಯಲ್ಲಿತ್ತು.

ಅಂದ ಹಾಗೆ, ಶಾಲಿನಿ ಗ್ರೌಂಡಿನ ಆ ಹುಡುಗನ ಕಥೆ ಹೇಳದೆ ಹೋದರೆ ತಪ್ಪಾಗುತ್ತೆ. ಎರಡು ಓವರಿನಲ್ಲಿ ಹದಿನಾಲ್ಕು ರನ್ ಕೊಟ್ಟ, ವಿಕೆಟ್ ಇಲ್ಲ. ಆಮೇಲೆ ಬ್ಯಾಟಿಂಗಿಗೆ ಬಂದು ಒಂಬತ್ತೋ ಹತ್ತೋ ಹೊಡೆದು ರನೌಟ್ ಆದ. ಅವನ ಟೀಮು ಕೂದಲೆಳೆಯಲ್ಲಿ ಗೆದ್ದಿತು. ಎಲ್ಲರೂ ಓಪನರ್ ಹುಡುಗನನ್ನ ಎತ್ತಿಕೊಂಡು ಕುಣಿದರು. ಇವನು ವಿಕೆಟ್ ಕಿತ್ತು ಚೀಲಕ್ಕೆ ಹಾಕಿಕೊಳ್ತಾ ಇದ್ದ.

ಹದಿನಾಲ್ಕರ ಜಾಗದಲ್ಲಿ ಇಪ್ಪತ್ತು ಕೊಟ್ಟಿದ್ದರೆ? ಆ ಒಂಬತ್ತು ಬರದೇ ಹೋಗಿದ್ದರೆ? ಲೆಕ್ಕ ನೀವೇ ಹಾಕಿ.

ಎದ್ದು ಹೊರಡೋವಾಗ ಅವನ ಹತ್ತಿರ ಹೋಗಿ "ಚೆನ್ನಾಗಿ ಹಾಕಿದೆ ಕಣಯ್ಯ" ಅಂದೆ. ಯಾರಿಗೋ ಹೇಳ್ತಿದಾರೆ ಅಂದುಕೊಂಡು ಒಮ್ಮೆ ಹಿಂದೆ ತಿರುಗಿ ನೋಡಿದ. ಆಮೇಲೆ ನಕ್ಕ. "ಥ್ಯಾಂಕ್ಸ್ ಅಂಕಲ್" ಅಂದ.

ಅಂಕಲ್ ಅಂದಿದ್ದಕ್ಕೆ ಮಾತ್ರ ಸ್ವಲ್ಪ ಬೇಜಾರಾಯ್ತು!